ಊಟ ಮಾಡಿದರು, ಊಟ ಮಾಡಿಸಿದೆವು

(ಅಂಗವೈಕಲ್ಯ ಇರುವವರು ಸಿಬ್ಬಂದಿಯ ನೆರವಿನಿಂದ ಒಟ್ಟಿಗೆ ಬಾಳುವ ಮನೆಗಳಲ್ಲಿ, ಅಂದರೆ ಗ್ರೂಪ್ ಹೋಮ್‌ಗಳಲ್ಲಿ ಮೇಲ್ವಿಚಾರಣೆಯ ಹೊಣೆ ಹೊತ್ತವರ ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ಒಂದು ರಿಜಿಸ್ಟರಿನಿಂದ ಶುರು ಮಾಡುತ್ತೇನೆ. ಡ್ಯೂಟಿ ಮುಗಿಸಿ ಹೋಗುವವರು ಮುಂದಿನ ಶಿಫ್ಟಿನವರಿಗೆ ಬರೆದಿಡುವ ಪುಸ್ತಕ ಇರುತ್ತದಲ್ಲ, ಅದು. ಆಗ ನಾನು ಮೇಲ್ವಿಚಾರಕಿಯಾಗಿ ಮೂರನೇ ವರ್ಷ. ಒಂದು ಸಂಜೆ ಕೂತು ಇಡೀ ತಿಂಗಳ ಪುಟಗಳನ್ನು ಒಟ್ಟಿಗೆ ಓದಿದೆ. "ಎಬ್ಬಿಸಿದೆವು. ಹಲ್ಲುಜ್ಜಿಸಿದೆವು. ಸ್ನಾನ ಮಾಡಿಸಿದೆವು. ಬಟ್ಟೆ ಹಾಕಿಸಿದೆವು. ಊಟ ಮಾಡಿಸಿದೆವು. ಟಿವಿ ಮುಂದೆ ಕೂರಿಸಿದೆವು. ಮಲಗಿಸಿದೆವು."

ಮೂವತ್ತು ದಿನ, ಹೀಗೇ. ಐದು ಜನ ದೊಡ್ಡವರು ಇದ್ದ ಮನೆ ಅದು. ಒಬ್ಬರೂ ಒಂದು ದಿನವೂ ತಾವಾಗಿ ಎದ್ದಿರಲಿಲ್ಲ, ತಾವಾಗಿ ಉಂಡಿರಲಿಲ್ಲ, ತಾವಾಗಿ ಮಲಗಿರಲಿಲ್ಲ. ಪ್ರತಿ ವಾಕ್ಯದಲ್ಲೂ ಮಾಡಿದವರು ನಾವೇ. ನಮ್ಮ ಭಾಷೆಯಲ್ಲಿ ಯಾವ ಕೆಲಸಕ್ಕಾದರೂ ಒಂದು 'ಇಸು' ಸೇರಿಸಿಬಿಟ್ಟರೆ ಸಾಕು, ಆ ಕೆಲಸ ಇನ್ನೊಬ್ಬರ ಕೈಗೆ ಹೋಗಿಬಿಡುತ್ತದೆ. ಉಂಡರು ಎಂಬುದು ಉಣಿಸಿದೆವು ಆಗುತ್ತದೆ. ಇಷ್ಟು ವರ್ಷ ಈ ಪುಸ್ತಕಕ್ಕೆ ಪ್ರತಿ ವಾರ ಸಹಿ ಹಾಕುತ್ತಿದ್ದವಳು ನಾನು. ನನ್ನ ಕಣ್ಣಿಗೆ ಅದು ಬಿದ್ದಿರಲಿಲ್ಲ.

ಬರೆದ ಸಿಬ್ಬಂದಿ ಕೆಟ್ಟವರಾಗಿರಲಿಲ್ಲ. ಇದನ್ನು ಒತ್ತಿ ಹೇಳುತ್ತೇನೆ. ಅವರು ಒಳ್ಳೆಯವರು, ಮೈಮುರಿದು ದುಡಿಯುವವರು. ಆದರೆ ಅವರಿಗೆ ಒಳ್ಳೆಯ ಕೆಲಸ ಅಂದರೆ ಏನು ಅಂತ ಹೇಳಿಕೊಟ್ಟಿದ್ದವರು ನಾವು. ಮನೆ ಚೊಕ್ಕಟವಾಗಿರಬೇಕು, ಎಲ್ಲರೂ ಎಂಟು ಗಂಟೆಗೆ ರೆಡಿ ಇರಬೇಕು, ಬಟ್ಟೆ ಇಸ್ತ್ರಿ ಆಗಿರಬೇಕು, ರಿಜಿಸ್ಟರ್ ತುಂಬಿರಬೇಕು. ನಾನು ಕೇಳುತ್ತಿದ್ದದ್ದು ಇಷ್ಟೇ. ಕೇಳಿದ್ದನ್ನೇ ಕೊಟ್ಟರು.

ಗುಂಡಿಗಳ ಕಥೆ ಹೇಳುತ್ತೇನೆ. ಆ ಮನೆಯಲ್ಲಿ ಐವತ್ತು ದಾಟಿದ ಒಬ್ಬರಿದ್ದರು. ಬಲಗೈ ಬಿಗಿ, ಮಾತು ಕಮ್ಮಿ. ಅವರಿಗೆ ಬೆಳಿಗ್ಗೆ ನೆರವಾಗುತ್ತಿದ್ದ ಹುಡುಗ ಎರಡು ವರ್ಷದಿಂದ ದಿನಾ ಅವರ ಅಂಗಿಯ ಗುಂಡಿ ಹಾಕುತ್ತಿದ್ದ. ಒಂದು ನಿಮಿಷವೂ ಬೇಕಿರಲಿಲ್ಲ ಅವನಿಗೆ. ಒಂದು ದಿನ ನಾನೂ ಕೋಣೆಗೆ ಹೋದೆ. ಅಂಗಿ ತೊಟ್ಟವರ ಒಪ್ಪಿಗೆ ಕೇಳಿಯೇ ಹೋದೆ. ಹುಡುಗನಿಗೆ ಹೇಳಿದೆ: ಇವತ್ತು ನಾವಿಬ್ಬರೂ ಕೈ ಕಟ್ಟಿ ಕೂರೋಣ, ಅವರು ಕರೆಯುವ ತನಕ.

ಮೊದಲ ನಿಮಿಷ ಅವರು ನಮ್ಮನ್ನೇ ನೋಡುತ್ತಾ ನಿಂತರು. ಯಾಕೆ ಸುಮ್ಮನಿದ್ದೀರಿ ಅನ್ನುವ ಹಾಗೆ. ಆಮೇಲೆ ಎಡಗೈಯಲ್ಲಿ ಅಂಗಿಯ ಅಂಚು ಹಿಡಿದುಕೊಂಡರು. ಎಲ್ಲಿಂದ ಶುರು ಮಾಡಿದರು ಗೊತ್ತಾ? ಕೆಳಗಿನ ಗುಂಡಿಯಿಂದ. ಅದು ಅವರ ಕಣ್ಣಿಗೆ ಕಾಣುತ್ತದೆ. ನಾವು ಎರಡು ವರ್ಷ ಕತ್ತಿನಿಂದ ಶುರು ಮಾಡುತ್ತಿದ್ದೆವು. ಕತ್ತಿನ ಗುಂಡಿ ಯಾರಿಗೂ ಕಾಣುವುದಿಲ್ಲ ಅಲ್ವಾ, ಬೆರಳಿನ ನೆನಪಿನಿಂದಲೇ ಹಾಕಿಕೊಳ್ಳಬೇಕು. ಅವರ ಬೆರಳಿಗೆ ಆ ನೆನಪು ಬರಲು ನಾವು ಬಿಟ್ಟೇ ಇರಲಿಲ್ಲ. ಗುಂಡಿ ಎರಡು ಸಲ ಜಾರಿತು. ಹುಡುಗನ ಕೈ ತಾನಾಗಿ ಮುಂದೆ ಬಂತು, ಮತ್ತೆ ಹಿಂದೆ ಹೋಯಿತು. ಅವನ ಹಣೆಯಲ್ಲಿ ಬೆವರು. ಮೂರನೇ ಸಲ ಗುಂಡಿ ತೂತಿನೊಳಗೆ ಹೋಯಿತು. ಒಟ್ಟು ಒಂಬತ್ತು ನಿಮಿಷದಲ್ಲಿ ಎರಡು ಗುಂಡಿ. ಉಳಿದದ್ದಕ್ಕೆ ಅವರೇ ಹುಡುಗನ ಕಡೆ ತಿರುಗಿ ಎದೆ ಮುಂದೆ ಮಾಡಿದರು.

ಹೊರಗೆ ಬಂದ ಮೇಲೆ ಹುಡುಗ ಕೇಳಿದ: "ಮೇಡಂ, ನಾನು ಇಷ್ಟು ದಿನ ತಪ್ಪು ಮಾಡಿದೆನಾ?" ಇಲ್ಲ, ನಿನಗೆ ಯಾರೂ ಹೇಳಿರಲಿಲ್ಲ ಅಂದೆ. ಹೇಳಬೇಕಾದವಳು ನಾನೇ ಆಗಿದ್ದೆ.

ಈ ಕೆಲಸಕ್ಕೆ ಒಂದು ಹಿನ್ನೆಲೆ ಇದೆ. ಇಂಗ್ಲೆಂಡಿನಲ್ಲಿ ಜಿಮ್ ಮ್ಯಾನ್ಸೆಲ್ ಮತ್ತು ಅವರ ಜೊತೆಗಾರರು 1980ರ ದಶಕದಲ್ಲಿ ತೀವ್ರ ಬೌದ್ಧಿಕ ಅಂಗವೈಕಲ್ಯ ಇದ್ದವರನ್ನು ದೊಡ್ಡ ಸಂಸ್ಥೆಗಳಿಂದ ಸಾಮಾನ್ಯ ಮನೆಗಳಿಗೆ ಕರೆತರುವ ಕೆಲಸದಲ್ಲಿದ್ದರು. ಮನೆ ಚಿಕ್ಕದಾದ ಮಾತ್ರಕ್ಕೆ ಬದುಕು ಬದಲಾಗುವುದಿಲ್ಲ ಎನ್ನುವುದು ಬೇಗ ಗೊತ್ತಾಯಿತು. ಚಂದದ ಮನೆಯಲ್ಲೂ ಜನ ದಿನವಿಡೀ ಸುಮ್ಮನೆ ಕೂತಿರಬಹುದು. ಪಕ್ಕದಲ್ಲಿರುವ ಸಿಬ್ಬಂದಿ ಹೇಗೆ ನೆರವಾಗುತ್ತಾರೆ ಎನ್ನುವುದರಲ್ಲೇ ವ್ಯತ್ಯಾಸ ಇರುವುದು. ಈ ದಾರಿಗೆ ಆಕ್ಟಿವ್ ಸಪೋರ್ಟ್ ಎಂಬ ಹೆಸರು ಬಂತು. ಸರಳವಾಗಿ ಹೇಳಿದರೆ, ಪ್ರತಿ ಕ್ಷಣದಲ್ಲೂ ಏನಾದರೂ ಮಾಡುವ ಅವಕಾಶ ಇದೆ. ಸ್ವಲ್ಪ ಸ್ವಲ್ಪವಾಗಿ, ಆಗಾಗ ಮಾಡಲಿ. ಬೇಕಾದಷ್ಟೇ ನೆರವು ಕೊಡಿ. ಏನು ಮಾಡಬೇಕು ಎನ್ನುವುದನ್ನು ಆದಷ್ಟು ಅವರೇ ಆರಿಸಲಿ.

ಬೇಕಾದಷ್ಟೇ ನೆರವು ಅನ್ನುವುದು ಹೇಳುವಷ್ಟು ಸುಲಭ ಅಲ್ಲ. ಬಾಯಲ್ಲಿ ಹೇಳಿದರೆ ಸಾಕಾಗುವವರಿಗೆ ಕೈ ಹಿಡಿದು ಮಾಡಿಸಿದರೆ ಅದು ಜಾಸ್ತಿ ಆಯಿತು. ಕೈ ಹಿಡಿಯಲೇಬೇಕಾದವರಿಗೆ ಬರೀ ಬಾಯಲ್ಲಿ ಹೇಳುತ್ತಾ ನಿಂತರೆ ಅದು ಕೈಬಿಟ್ಟ ಹಾಗೆ. ಅದೇ ಮನುಷ್ಯರಿಗೆ ಬೆಳಿಗ್ಗೆ ಸಾಕಾದದ್ದು ಸಂಜೆ ದಣಿದಾಗ ಸಾಲದು. ಇದನ್ನು ತರಗತಿಯಲ್ಲಿ ಕೂರಿಸಿ ಕಲಿಸಲು ಆಗುವುದಿಲ್ಲ. ಪಕ್ಕದಲ್ಲಿ ನಿಂತೇ ಕಲಿಸಬೇಕು.

ಹಾಗಾಗಿ ಮೇಲ್ವಿಚಾರಣೆ ಅಂದರೆ ಮೊದಲು ಆಫೀಸು ಕೋಣೆಯಿಂದ ಎದ್ದು ಬರುವುದು. ನಾನು ವಾರಕ್ಕೆ ಮೂರು ಸಲವಾದರೂ ಫೈಲು ಇಲ್ಲದೆ ಮನೆಯೊಳಗೆ ಒಂದು ಗಂಟೆ ಇರುತ್ತೇನೆ. ಒಮ್ಮೆ ಬೆಳಿಗ್ಗೆ ಏಳುವ ಹೊತ್ತಿಗೆ, ಒಮ್ಮೆ ಊಟದ ಹೊತ್ತಿಗೆ, ಒಮ್ಮೆ ರಾತ್ರಿ. ಕದ್ದು ನೋಡಲು ಹೋಗುವುದಲ್ಲ. ಹೋದವಳು ನಾನೂ ಕೆಲಸಕ್ಕೆ ಕೈ ಹಾಕುತ್ತೇನೆ. ನಾನು ತಾಳ್ಮೆಯಿಂದ ಕಾಯುವುದನ್ನು ಅವರು ನೋಡಬೇಕು. ನಾನು ತಪ್ಪುವುದನ್ನೂ ನೋಡಬೇಕು.

ಏನು ನೋಡುತ್ತೇನೆ? ಸಿಬ್ಬಂದಿ ಯಾರ ಜೊತೆ ಮಾತಾಡುತ್ತಿದ್ದಾರೆ? ವ್ಹೀಲ್‌ಚೇರಿನಲ್ಲಿ ಕೂತವರ ತಲೆಯ ಮೇಲಿಂದ ತಮ್ಮತಮ್ಮಲ್ಲೇ ಮಾತಾಡುತ್ತಿದ್ದಾರಾ? ಕೋಣೆಗೆ ಹೋಗುವ ಮುಂಚೆ ಬಾಗಿಲು ತಟ್ಟುತ್ತಾರಾ? ಟಿವಿ ರಿಮೋಟ್ ಯಾರ ಕೈಯಲ್ಲಿದೆ? ಅಡುಗೆಮನೆಗೆ ಬೀಗ ಇದೆಯಾ, ಇದ್ದರೆ ಯಾಕೆ? ಸ್ನಾನದ ನೀರು ಮುಟ್ಟಿ ನೋಡುತ್ತಾರಾ, ಥರ್ಮಾಮೀಟರ್ ಇಟ್ಟು ನೋಡುತ್ತಾರಾ? 60 ಡಿಗ್ರಿ ಸೆಲ್ಸಿಯಸ್ ಬಿಸಿನೀರು ಕೆಲವೇ ಸೆಕೆಂಡಿನಲ್ಲಿ ಚರ್ಮ ಸುಡುತ್ತದೆ. "ಬಿಸಿ" ಅಂತ ಹೇಳಲಾಗದವರು ನಮ್ಮ ಮನೆಯಲ್ಲಿದ್ದಾರೆ.

ಆಮೇಲೆ, ಹೇಗೆ ಕರೆಯುತ್ತಾರೆ. ಇದು ನನಗೆ ತುಂಬ ಮುಖ್ಯ. ಹೊರಗಿನಿಂದ ಬಂದ ಇಪ್ಪತ್ತೈದು ವರ್ಷದ ಅತಿಥಿಗೆ "ಬನ್ನಿ, ಕೂತುಕೊಳ್ಳಿ". ಅದೇ ಕೋಣೆಯಲ್ಲಿರುವ ಐವತ್ತು ವರ್ಷದ ನಿವಾಸಿಗೆ "ಬಾರೋ, ಕೂತ್ಕೋ". ಇಡೀ ಮನೆಗೆ "ನಮ್ಮ ಮಕ್ಕಳು". ಪ್ರೀತಿಯಿಂದಲೇ ಹಾಗೆ ಕರೆಯುತ್ತೇವೆ ಅನ್ನುತ್ತಾರೆ ಸಿಬ್ಬಂದಿ. ನಿಜ, ಪ್ರೀತಿ ಇದೆ. ಆದರೆ ಮಗು ಅಂದ ಮೇಲೆ ಅವರ ದುಡ್ಡು, ಅವರ ಬಟ್ಟೆ, ಅವರ ಗೆಳೆತನ, ಅವರ ಮದುವೆಯ ಆಸೆ ಎಲ್ಲವೂ ದೊಡ್ಡವರ ತೀರ್ಮಾನಕ್ಕೆ ಬಿದ್ದುಬಿಡುತ್ತದೆ. ನಮ್ಮಲ್ಲಿ ನಾವು ಮಾಡಿಕೊಂಡ ನಿಯಮ ಇಷ್ಟು: ಹೇಗೆ ಕರೆಯಬೇಕು ಅಂತ ಅವರನ್ನೇ ಕೇಳುವುದು. ಕೇಳಿ ತಿಳಿಯಲು ಆಗದಿದ್ದರೆ ಬಹುವಚನ. ಒಬ್ಬರು ಮಾತ್ರ "ನೀವು" ಅಂದರೆ ನಕ್ಕುಬಿಡುತ್ತಿದ್ದರು, ಏಕವಚನವೇ ಬೇಕು ಅಂದರು. ಸರಿ, ಅದು ಅವರ ಆಯ್ಕೆ.

ಕ್ರಿಸ್ಟೀನ್ ಬಿಗ್ಬಿ ಎಂಬ ಸಂಶೋಧಕಿ ಮತ್ತು ಅವರ ಜೊತೆಗಾರರು ಸರಿಯಾಗಿ ನಡೆಯದ ಗ್ರೂಪ್ ಹೋಮ್‌ಗಳ ಒಳಗಿನ ರೂಢಿಗಳ ಬಗ್ಗೆ ಬರೆದಿದ್ದಾರೆ. ಅಲ್ಲಿನ ಸಿಬ್ಬಂದಿ ನಿವಾಸಿಗಳನ್ನು "ನಮ್ಮಂಥವರಲ್ಲ" ಎಂದು ನೋಡುತ್ತಾರೆ. ತಮ್ಮ ಕೆಲಸ ಅಂದರೆ ಅವರಿಗಾಗಿ ಮಾಡಿಕೊಡುವುದು ಎಂದುಕೊಂಡಿರುತ್ತಾರೆ, ಅವರ ಜೊತೆ ಮಾಡುವುದು ಎಂದಲ್ಲ. ದಿನದ ಲಯ ಸಿಬ್ಬಂದಿಯ ಅನುಕೂಲಕ್ಕೆ ನಡೆಯುತ್ತದೆ. ನನ್ನ ರಿಜಿಸ್ಟರಿನ 'ಇಸು'ಗಳು ನೆನಪಾದವು ನನಗೆ.

ನೋಡಿದ ಮೇಲೆ ಹೇಳಬೇಕಲ್ಲ. ಅವತ್ತೇ ಹೇಳುತ್ತೇನೆ, ನಿವಾಸಿಗಳ ಮುಂದೆ ಅಲ್ಲ. ಮೊದಲು "ನಿನಗೆ ಹೇಗನ್ನಿಸಿತು?" ಅಂತ ಕೇಳುತ್ತೇನೆ. ಹತ್ತರಲ್ಲಿ ಏಳು ಸಲ ಅವರೇ ಹೇಳಿಬಿಡುತ್ತಾರೆ. ಒಂದು ದಿನಕ್ಕೆ ತಿದ್ದುವ ವಿಷಯ ಒಂದೇ. ಐದು ಹೇಳಿದರೆ ಒಂದೂ ಉಳಿಯುವುದಿಲ್ಲ.

ಇನ್ನು ತಿಂಗಳಿಗೊಮ್ಮೆ ಒಬ್ಬೊಬ್ಬರ ಜೊತೆ ಬೇರೆಯಾಗಿ ಕೂರುವುದು. ಆಲ್ಫ್ರೆಡ್ ಕಡೂಶಿನ್ ಎಂಬುವರು ಸಮಾಜ ಕಾರ್ಯದ ಮೇಲ್ವಿಚಾರಣೆಗೆ ಮೂರು ಕೆಲಸ ಇದೆ ಅಂದಿದ್ದರು: ಆಡಳಿತ, ಕಲಿಕೆ, ಆಸರೆ. ಮೂರೂ ಗೊತ್ತಿರುವುದೇ. ಆದರೆ ನಡೆಯುವುದೇನು? ರಜೆ, ಹಾಜರಿ, ಬಾಕಿ ಉಳಿದ ರಿಜಿಸ್ಟರ್ ಇಷ್ಟರಲ್ಲೇ ನಲವತ್ತು ನಿಮಿಷ ಕಳೆದುಹೋಗುತ್ತದೆ. ಕೊನೆಯ ಐದು ನಿಮಿಷ ಉಳಿದಾಗ "ಮತ್ತೆ ಎಲ್ಲ ಆರಾಮಾ?" ಅಂತ ಕೇಳುತ್ತೇವೆ. ಆರಾಮ್ ಅನ್ನುತ್ತಾರೆ. ಮುಗಿಯಿತು.

ನಾನು ಕ್ರಮವನ್ನೇ ತಿರುಗಿಸಿದೆ. ಬಾಗಿಲು ಹಾಕಿ, ಫೋನು ಹೊರಗಿಟ್ಟು, ಮೊದಲ ಪ್ರಶ್ನೆ: "ಈ ತಿಂಗಳು ನಿಮಗೆ ಯಾರ ಮೇಲೆ ಸಿಟ್ಟು ಬಂತು?" ರಜೆಯ ವಿಷಯ ಕೊನೆಗೆ.

ಇದಕ್ಕೆ ಉತ್ತರ ಬರಲು ತಿಂಗಳುಗಳೇ ಬೇಕಾಯಿತು. ಒಮ್ಮೆ ತುಂಬ ಅನುಭವ ಇದ್ದ ಅಕ್ಕ ಒಬ್ಬರು ಒಬ್ಬ ನಿವಾಸಿಯ ಬಗ್ಗೆ ತಲೆ ತಗ್ಗಿಸಿ ಹೇಳಿದರು. "ಅವರು ಊಟಕ್ಕೆ ಕೂತಾಗ ಕಿರುಚುತ್ತಾರಲ್ಲ, ಆಗ ನನಗೆ ಹೊಡೆದುಬಿಡಬೇಕು ಅನ್ನಿಸುತ್ತದೆ ಮೇಡಂ. ಹೊಡೆದಿಲ್ಲ. ಆದರೆ ಅನ್ನಿಸುತ್ತದೆ." ಆ ಕ್ಷಣದಲ್ಲಿ ಮೇಲ್ವಿಚಾರಕರ ಮುಖದಲ್ಲಿ ಏನು ಕಾಣುತ್ತದೆ ಅನ್ನುವುದರ ಮೇಲೆ ಆ ಮನೆಯ ಸುರಕ್ಷತೆ ನಿಂತಿದೆ. ಗಾಬರಿ ಕಂಡರೆ ಆ ಮಾತು ಮತ್ತೆ ಯಾವತ್ತೂ ಈ ಕೋಣೆಗೆ ಬರುವುದಿಲ್ಲ. ನಾನು ಹೇಳಿದೆ, ಹೇಳಿದ್ದು ಒಳ್ಳೆಯದಾಯಿತು ಅಕ್ಕ. ಅವತ್ತಿನಿಂದಲೇ ಅವರಿಗೆ ಊಟದ ಹೊತ್ತಿನ ಡ್ಯೂಟಿ ಬದಲಾಯಿಸಿದೆ. ಆ ಹೊತ್ತಿಗೆ ನಾನೇ ಕೂತೆ.

ಎರಡು ವಾರ ಒಂದು ನೋಟ್‌ಬುಕ್ ಇಟ್ಟೆವು. ಕಿರುಚುವ ಮುಂಚೆ ಏನಾಯಿತು, ಆಗ ಏನಾಯಿತು, ಆಮೇಲೆ ಏನಾಯಿತು, ಇಷ್ಟೇ. ಓದಿದರೆ ಒಂದು ವಿಷಯ ಎದ್ದು ಕಂಡಿತು. ಮೆತ್ತಗಿನ ಊಟದ ದಿನ ಕಿರುಚಾಟ ಇಲ್ಲ. ಗಟ್ಟಿ ಪದಾರ್ಥ ಇದ್ದ ದಿನ ಇದೆ. ಅಗಿಯುವುದೂ ಒಂದೇ ಕಡೆ. ದಂತವೈದ್ಯರು ನೋಡಿದರು, ಹಿಂದಿನ ಹಲ್ಲೊಂದು ಬುಡದ ತನಕ ಹುಳುಕಾಗಿತ್ತು. ಎಷ್ಟು ತಿಂಗಳಿಂದ ನೋಯುತ್ತಿತ್ತೋ. "ಅವರ ಸ್ವಭಾವವೇ ಹಾಗೆ" ಅಂತ ನಾವೆಲ್ಲ ಒಪ್ಪಿಕೊಂಡುಬಿಟ್ಟಿದ್ದೆವು. ಮಾತು ಬಾರದವರ ನಡವಳಿಕೆ ಇದ್ದಕ್ಕಿದ್ದ ಹಾಗೆ ಬದಲಾದರೆ ಮೊದಲು ಮೈಯನ್ನು ನೋಡಿ. ಹಲ್ಲು, ಕಿವಿ, ಮಲಬದ್ಧತೆ, ಮೂತ್ರದ ಸೋಂಕು, ಹೊಸ ಮಾತ್ರೆ. ಆಮೇಲೆ ಸ್ವಭಾವದ ಮಾತು.

ಆ ಅಕ್ಕ ಅವತ್ತು ಸಿಟ್ಟನ್ನು ಮುಚ್ಚಿಟ್ಟಿದ್ದರೆ ಹಲ್ಲು ಸಿಗುತ್ತಿರಲಿಲ್ಲ.

ಈಗ ನನಗೆ ಹೇಳಲು ಕಷ್ಟವಾಗುವ ಭಾಗ. ಶುರುವಿನ ವರ್ಷಗಳಲ್ಲಿ ಸಿಬ್ಬಂದಿ ಒಬ್ಬರು ತಪ್ಪು ಮಾತ್ರೆ ಕೊಟ್ಟು ಬಂದು ಹೇಳಿದರು. ಅಪಾಯವೇನೂ ಆಗಲಿಲ್ಲ. ಆದರೆ ನಾನು ಎಲ್ಲರ ಮುಂದೆ ಕೂಗಾಡಿದೆ. ಕೆಲವು ತಿಂಗಳ ನಂತರ ಇನ್ನೊಬ್ಬ ಹುಡುಗ ರಾತ್ರಿಯ ಫಿಟ್ಸ್ ಮಾತ್ರೆ ಕೊಡುವುದನ್ನು ಮರೆತ. ನೆನಪಾದಾಗ ತಡವಾಗಿತ್ತು. ಹೆದರಿ, ಕೊಟ್ಟೆ ಎಂದು ಸಹಿ ಹಾಕಿದ. ಬೆಳಿಗ್ಗೆ ಆ ನಿವಾಸಿಗೆ ಫಿಟ್ಸ್ ಬಂತು. ಐದು ನಿಮಿಷ ದಾಟಿತು, ಆಂಬುಲೆನ್ಸ್ ಕರೆದೆವು. ಬದುಕಿಕೊಂಡರು. ಡಾಕ್ಟರು "ಮಾತ್ರೆ ತಪ್ಪಿತ್ತಾ?" ಅಂತ ಕೇಳಿದಾಗ ನಾನು ರಿಜಿಸ್ಟರ್ ನೋಡಿ ಇಲ್ಲ ಅಂದೆ. ಸುಳ್ಳು ಉತ್ತರ ಕೊಟ್ಟವಳಾದೆ. ಹುಡುಗ ಎರಡು ದಿನ ಆದ ಮೇಲೆ ಅಳುತ್ತಾ ಬಂದು ಹೇಳಿದ.

ಸಹಿ ಅವನ ತಪ್ಪು. ಅದಕ್ಕೆ ಕ್ರಮವೂ ಆಯಿತು. ಆದರೆ ಆ ಹೆದರಿಕೆಯನ್ನು ಮನೆಯೊಳಗೆ ತಂದವಳು ನಾನು. ಅವತ್ತಿನಿಂದ ತಪ್ಪಾಗುವುದು, ತಪ್ಪನ್ನು ಮುಚ್ಚಿಡುವುದು ಎರಡನ್ನೂ ಬೇರೆ ಮಾಡಿದೆವು. ತಪ್ಪಾದ ಕೂಡಲೇ ಹೇಳಿದವರ ಮೇಲೆ ಯಾರೂ ದನಿ ಎತ್ತುವುದಿಲ್ಲ. ಡಾಕ್ಟರಿಗೆ ಫೋನು ಮಾಡುತ್ತೇವೆ, ಅವರು ಹೇಳಿದ ಹಾಗೆ ಮಾಡುತ್ತೇವೆ, ನಾವೇ ಎರಡು ಡೋಸ್ ಒಟ್ಟಿಗೆ ಕೊಡಲು ಹೋಗುವುದಿಲ್ಲ. ಆಮೇಲೆ ತಪ್ಪು ಯಾಕಾಯಿತು ಅಂತ ಕೂತು ನೋಡುತ್ತೇವೆ. ಮಾತ್ರೆ ಕೊಡುವಾಗ ಫೋನು ಬಂತಾ? ಒಬ್ಬರೇ ಡ್ಯೂಟಿಯಲ್ಲಿದ್ದರಾ? ಎರಡು ಡಬ್ಬಿ ಒಂದೇ ಬಣ್ಣವಾ? ಸರಿಯಾದ ವ್ಯಕ್ತಿ, ಸರಿಯಾದ ಮಾತ್ರೆ, ಸರಿಯಾದ ಪ್ರಮಾಣ, ಸರಿಯಾದ ಹೊತ್ತು, ಕೊಡುವ ಸರಿಯಾದ ದಾರಿ ಎಂದು ಗೋಡೆಗೆ ಅಂಟಿಸಿದ್ದು ಎಲ್ಲರಿಗೂ ಬಾಯಿಪಾಠ ಇತ್ತು. ಬಾಯಿಪಾಠ ಹೆದರಿಕೆಯ ಮುಂದೆ ನಿಲ್ಲುವುದಿಲ್ಲ.

ಮುಚ್ಚಿಡುವುದು, ನೋಯಿಸುವುದು ಇವು ಬೇರೆ. ಅಲ್ಲಿ ನನ್ನ ದನಿ ಮೆತ್ತಗಾಗುವುದಿಲ್ಲ.

ಇಂಗ್ಲೆಂಡಿನ ಬ್ರಿಸ್ಟಲ್ ಹತ್ತಿರದ ವಿಂಟರ್‌ಬೋರ್ನ್ ವ್ಯೂ ಬಗ್ಗೆ ನಿಮ್ಮಲ್ಲಿ ಕೆಲವರಿಗೆ ಗೊತ್ತಿರಬಹುದು. ಅದು ಗ್ರೂಪ್ ಹೋಮ್ ಅಲ್ಲ, ಬೌದ್ಧಿಕ ಅಂಗವೈಕಲ್ಯ ಮತ್ತು ಆಟಿಸಂ ಇದ್ದವರ ಖಾಸಗಿ ಆಸ್ಪತ್ರೆ. 2011ರಲ್ಲಿ ಬಿಬಿಸಿಯವರು ಗುಟ್ಟಾಗಿ ಚಿತ್ರೀಕರಿಸಿದ ದೃಶ್ಯಗಳನ್ನು ತೋರಿಸಿದರು. ಸಿಬ್ಬಂದಿ ರೋಗಿಗಳನ್ನು ಹೊಡೆಯುವುದು, ನೆಲಕ್ಕೆ ಒತ್ತಿ ಹಿಡಿಯುವುದು, ಹೀಯಾಳಿಸುವುದು. ಹನ್ನೊಂದು ಸಿಬ್ಬಂದಿಗೆ ಶಿಕ್ಷೆಯಾಯಿತು, ಆರು ಜನ ಜೈಲಿಗೆ ಹೋದರು. ನನ್ನನ್ನು ಕಾಡುವುದು ಇನ್ನೊಂದು ಸಂಗತಿ. ಅಲ್ಲೇ ಕೆಲಸ ಮಾಡುತ್ತಿದ್ದ ಹಿರಿಯ ನರ್ಸ್ ಒಬ್ಬರು ಅದಕ್ಕೂ ಮುಂಚೆಯೇ ದೂರು ಹೇಳಿದ್ದರು. ಸಮಯಕ್ಕೆ ಯಾರೂ ಕಿವಿಗೊಡಲಿಲ್ಲ.

ಆದ್ದರಿಂದ ದೂರು ನನ್ನನ್ನು ದಾಟಿ ಹೋಗುವ ದಾರಿಯೂ ಮನೆಯಲ್ಲಿ ಇರಬೇಕು. ನಮ್ಮ ಮನೆಯ ಗೋಡೆಯ ಮೇಲೆ ನನ್ನ ಮೇಲಿನವರ ನಂಬರ್ ಇದೆ, ಹೊರಗಿನ ಪ್ರಾಧಿಕಾರದ ನಂಬರ್ ಇದೆ. ನಿವಾಸಿಗಳಿಗೆ ಚಿತ್ರದಲ್ಲಿ ಇದೆ. ಮಾತಾಡದವರ ಮೈಯೇ ದೂರು ಹೇಳುತ್ತದೆ. ಒಬ್ಬ ಸಿಬ್ಬಂದಿ ಒಳಗೆ ಬಂದ ಕೂಡಲೇ ಯಾರ ಭುಜ ಮೇಲೇರುತ್ತದೆ, ಯಾರು ಗೋಡೆಗೆ ತಿರುಗುತ್ತಾರೆ, ನೋಡಿ. ಸಂಶಯ ಬಂದ ದಿನವೇ ಆ ಸಿಬ್ಬಂದಿಯನ್ನು ಡ್ಯೂಟಿಯಿಂದ ಹೊರಗಿಡುತ್ತೇನೆ, ಹೇಳಬೇಕಾದವರಿಗೆ ತಿಳಿಸುತ್ತೇನೆ. "ನಮ್ಮೊಳಗೇ ಮಾತಾಡಿ ಮುಗಿಸೋಣ" ಎನ್ನುವ ಮಾತಿಗೆ ನಾನು ಒಪ್ಪುವುದಿಲ್ಲ. ಯಾರನ್ನೂ ಮಕಾಡೆ ಮಲಗಿಸಿ ಒತ್ತಿ ಹಿಡಿಯಬಾರದು. ಉಸಿರು ನಿಂತು ಜನ ಸತ್ತಿದ್ದಾರೆ.

ವಿಶ್ವಸಂಸ್ಥೆಯ ಅಂಗವೈಕಲ್ಯ ಹಕ್ಕುಗಳ ಒಡಂಬಡಿಕೆ 2006ರಲ್ಲಿ ಬಂತು. ಅದರ 19ನೇ ವಿಧಿ ಎಲ್ಲಿ, ಯಾರ ಜೊತೆ ಇರಬೇಕು ಎನ್ನುವುದನ್ನು ಆರಿಸುವ ಹಕ್ಕಿನ ಬಗ್ಗೆ ಹೇಳುತ್ತದೆ. ನಮ್ಮ ಮನೆಗಳಲ್ಲಿರುವ ಎಷ್ಟು ಜನ ಹಾಗೆ ಆರಿಸಿ ಬಂದವರು? ಮೇಲ್ವಿಚಾರಕರಾಗಿ ನಾವು ಈ ಪ್ರಶ್ನೆಯನ್ನು ಇಟ್ಟುಕೊಂಡೇ ಕೆಲಸ ಮಾಡಬೇಕು. ಮನೆಯನ್ನು ಆರಿಸಲು ಆಗದಿದ್ದವರಿಗೆ ಅಂಗಿಯನ್ನಾದರೂ ಆರಿಸಲು ಬಿಡಬೇಡವೇ?

ಹಿಂದಿನ ಸಾಲಿನಿಂದ ಒಬ್ಬರು ಕೇಳುತ್ತಿದ್ದಾರೆ: ಇದೆಲ್ಲ ಸರಿ, ಬೆಳಿಗ್ಗೆ ಇಬ್ಬರು ಸಿಬ್ಬಂದಿ, ಆರು ಜನ ನಿವಾಸಿಗಳು. ಒಂಬತ್ತು ನಿಮಿಷ ಎಲ್ಲಿಂದ ತರುವುದು?

ನ್ಯಾಯವಾದ ಪ್ರಶ್ನೆ. ಸಿಬ್ಬಂದಿ ಕಮ್ಮಿ ಇದ್ದಾಗ ಅದನ್ನು ತಾಳ್ಮೆಯಿಂದ ತುಂಬಿಸಿ ಅಂತ ನಾನು ಯಾರಿಗೂ ಹೇಳುವುದಿಲ್ಲ. ಅದು ಅನ್ಯಾಯ. ಜನ ಸಾಲದು ಅಂತ ಮೇಲಿನವರಿಗೆ ಬರೆದು ಕೊಡುವುದು, ಮತ್ತೆ ಮತ್ತೆ ಬರೆಯುವುದು ಮೇಲ್ವಿಚಾರಕರ ಕೆಲಸ. ಸತತ ರಾತ್ರಿ ಪಾಳಿ ಮಾಡಿದವರನ್ನು ಮರುದಿನ ಬೆಳಿಗ್ಗೆ ಕರೆಯದಿರುವುದು, ಹನ್ನೊಂದು ವರ್ಷ ನೋಡಿಕೊಂಡ ನಿವಾಸಿ ತೀರಿಕೊಂಡಾಗ ಆ ಸಿಬ್ಬಂದಿಗೆ ಅಳಲು ಒಂದು ದಿನ ಕೊಡುವುದು, ಇವೂ ಅದೇ ಕೆಲಸ. ಆದರೆ ಇರುವಷ್ಟರಲ್ಲೂ ಜಾಗ ಇದೆ. ನಾವು ಎಂಟು ಗಂಟೆಯ ಗಡುವನ್ನು ಎಲ್ಲರಿಗೂ ಇಟ್ಟಿದ್ದೆವು. ನಾನು ಮೊದಲು ಹೇಳಿದ ಮನೆಯ ಐವರಲ್ಲಿ ಮೂವರಿಗೆ ಮಾತ್ರ ಎಂಟಕ್ಕೆ ಹೊರಡಬೇಕಿತ್ತು. ಉಳಿದ ಇಬ್ಬರನ್ನು ನಾವು ಸುಮ್ನೆ ಓಡಿಸುತ್ತಿದ್ದೆವು. ಗುಂಡಿಯವರು ಆ ಇಬ್ಬರಲ್ಲಿ ಒಬ್ಬರು. ಅವರ ಬೆಳಗನ್ನು ಒಂಬತ್ತಕ್ಕೆ ತಳ್ಳಿದೆವು, ಸಮಯ ಸಿಕ್ಕಿತು.

ಆ ಹುಡುಗನೇ ನಾಲ್ಕು ತಿಂಗಳ ನಂತರ ರಿಜಿಸ್ಟರಿನಲ್ಲಿ ಬರೆದ ಒಂದು ಸಾಲನ್ನು ನಾನು ಬರೆದಿಟ್ಟುಕೊಂಡಿದ್ದೇನೆ, ಓದುತ್ತೇನೆ: "ಎಂಟೂವರೆಗೆ ಎದ್ದರು. ನೀಲಿ ಅಂಗಿ ತೆಗೆದುಕೊಂಡರು. ನಾಲ್ಕು ಗುಂಡಿ ಹಾಕಿಕೊಂಡರು. ಕತ್ತಿನ ಗುಂಡಿಗೆ ಕರೆದರು, ಹೋದೆ."